ಸೂಟ್ ಬೇಕೋ, ಸಮುದ್ರ ಬೇಕೋ?

ನಮ್ಮ ಜೊತೆಗಿನ ಒಬ್ಬ ಹಿರಿಯ ಗುರುಗಳು ಬರುವ ಮೇ ಕೊನೆಗೆ ನಿವೃತ್ತರಾಗುತ್ತಾರೆ. ಐವತ್ತೆಂಟು ತುಂಬುತ್ತದೆ. ಪುಣೆಯಲ್ಲಿ ನೌಕರಿ ಮಾಡುವ ಮಗ, "ಮಳೆಗಾಲ ಮುಗಿದ ಮೇಲೆ ನೀವೂ ಅವ್ವನೂ ಮುಂಬೈಯಿಂದ ಗೋವಾಕ್ಕೆ ಹಡಗಿನ್ಯಾಗ ಹೋಗಿ ಬರ್ರಿ, ಅರ್ಧ ರೊಕ್ಕ ನಾ ಕೊಡ್ತೀನಿ" ಅಂದಿದ್ದಾನೆ. ಅಷ್ಟೇ ಆಗಿದ್ದರೆ ಶಿಕ್ಷಕರ ಕೋಣೆಯಲ್ಲಿ ಒಂದು ಚಹಾಕ್ಕೆ ಮುಗಿಯುವ ಸುದ್ದಿ. ಆದರೆ ಹೋಗುವುದಾದರೆ ಸೂಟ್‌ನಲ್ಲೇ ಹೋಗಬೇಕು ಎಂದು ಗುರುಗಳ ಹಟ. "ಮೂವತ್ತು ವರ್ಷ ಎಸ್‌ಟಿಯೊಳಗ ನಿಂತು ಬಂದೀನ್ರಿ, ಒಂದ್ ಸಲಾ ರಾಜಾನಂಗ ಹೋಗ್ತೀನಿ" ಎಂಬ ಮಾತಿಗೆ ನಾವು ಯಾರೂ ತಟ್ಟನೆ ಉತ್ತರ ಕೊಡಲಿಲ್ಲ. ಕೊಡುವ ಹಾಗೂ ಇರಲಿಲ್ಲ. ನಮ್ಮಲ್ಲಿ ನಾಲ್ಕು ಜನ ಈಗಲೂ ಮಿರಜದಿಂದ ಜತ್ತ ಕಡೆಯ ಶಾಲೆಗೆ ಅದೇ ಎಸ್‌ಟಿಯಲ್ಲಿ ನಿಂತೇ ಹೋಗುತ್ತೇವೆ!

ವಾರವಿಡೀ ಚರ್ಚೆ ನಡೆಯಿತು. ಕನ್ನಡ ಶಾಲೆಯ ಮಾಸ್ತರರು ಹಡಗಿನ ಸೂಟ್ ಬಗ್ಗೆ ವಾದ ಮಾಡುವುದು ಕೆಲವರಿಗೆ ನಗೆ ತರಿಸಬಹುದು. ನಗಲಿ. ಜನ್ಮಕ್ಕೊಮ್ಮೆ ಕೈಗೆ ಬರುವ ದುಡ್ಡಿನಲ್ಲಿ ಜನ್ಮಕ್ಕೊಮ್ಮೆ ಮಾಡುವ ಪ್ರವಾಸ ಇದು, ಲೆಕ್ಕ ಹಾಕದೇ ಬಿಟ್ಟರೆ ಗಣಿತ ಕಲಿಸಿ ಏನು ಉಪಯೋಗ?

ಮೊದಲು ಆ ಹಡಗಿನ ವಿಷಯ ಹೇಳಿಬಿಡುತ್ತೇವೆ. 2021 ರ ಸೆಪ್ಟೆಂಬರ್‌ನಿಂದ ಮುಂಬೈ ಬಂದರದಿಂದ ಹೊರಡಲು ಶುರು ಮಾಡಿದ ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' ಎಂಬ ಹಡಗು ಅದು. ಹೊಸದೇನೂ ಅಲ್ಲ. 1990 ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, ಆಗ ಅದರ ಹೆಸರು 'ನಾರ್ಡಿಕ್ ಎಂಪ್ರೆಸ್'. ಅಮೆರಿಕದ ಕಡೆ ದುಡಿದು, ನಡುವೆ ಸ್ಪೇನಿನ ಕಂಪನಿಯೊಂದಕ್ಕೆ ಹೋಗಿ, ಮತ್ತೆ ಹಳೆಯ ಮಾಲೀಕರ ಬಳಿ ಬಂದು, ಕೊನೆಗೆ ನಮ್ಮ ಕಡೆ ಬಂದಿದೆ. ಉದ್ದ ಸುಮಾರು 211 ಮೀಟರ್. ಅಂದರೆ ಕಬಡ್ಡಿ ಅಂಗಳಗಳನ್ನು ಉದ್ದಕ್ಕೆ ಒಂದರ ಹಿಂದೊಂದು ಇಟ್ಟರೆ ಹದಿನಾರು ಹಿಡಿಸುತ್ತವೆ. ಒಳಗೆ ಸುಮಾರು ಎಂಟುನೂರು ಕೋಣೆಗಳು.

ಈ ಕೋಣೆಗಳಲ್ಲೇ ಇರುವುದು ಎಲ್ಲ ಗೊಂದಲ. ಕಿಟಕಿಯೇ ಇಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ. ಅದರ ಮೇಲೆ ಗಾಜಿನ ಕಿಟಕಿಯಿಂದ ಸಮುದ್ರ ಕಾಣುವ ಕೋಣೆ. ಅದರ ಮೇಲೆ ಮಿನಿ ಸೂಟ್, ಸೂಟ್, ಎಲ್ಲದರ ತಲೆಯ ಮೇಲೆ ಚೇರ್ಮನ್ಸ್ ಸೂಟ್. ಇತ್ತೀಚಿನ ಹಡಗುಗಳಲ್ಲಿ ಸಾಮಾನ್ಯ ಕೋಣೆಗಳಿಗೂ ಬಾಲ್ಕನಿ ಇರುತ್ತದೆ. ಇದು 1990 ರ ಹಡಗು, ಬಾಲ್ಕನಿಗಳು ಕಡಿಮೆ. ಆದ್ದರಿಂದ ಇಲ್ಲಿ ಬಾಲ್ಕನಿ ಬೇಕೆಂದರೆ ಸೂಟ್ ಕಡೆಗೇ ಮುಖ ಮಾಡಬೇಕಾಗುತ್ತದೆ. ಒಳಕೋಣೆ ಎಷ್ಟು ದೊಡ್ಡದು ಅಂತೀರಾ? ಆ ಕಾಲದ ಹಡಗುಗಳಲ್ಲಿ ನೂರಿಪ್ಪತ್ತು ಚದರಡಿ ಆಸುಪಾಸು. ನಮ್ಮ ಶಾಲೆಯ ಒಂದು ವರ್ಗಕೋಣೆಯ ಮೂರನೇ ಒಂದು ಪಾಲೂ ಇಲ್ಲ. ಎರಡು ಹಾಸಿಗೆ, ಒಂದು ಕಪಾಟು, ತಿರುಗಿದರೆ ಮೊಣಕೈ ತಾಗುವ ಬಚ್ಚಲು. ಮುಗಿಯಿತು.

ಆದರೆ ಮಾಸ್ತರರು ಇಲ್ಲೊಂದು ಗಮನಿಸಬೇಕು. ಊಟದ ದೊಡ್ಡ ಹಾಲ್, ನಾಟಕ-ಹಾಡಿನ ಸಭಾಗೃಹ, ಮೇಲಿನ ಡೆಕ್, ಈಜುಕೊಳ, ಸೂರ್ಯಾಸ್ತ ನೋಡುವ ಕಟಕಟೆ - ಇವೆಲ್ಲ ಎಲ್ಲರಿಗೂ ಒಂದೇ. ಒಳಕೋಣೆಯವನಿಗೆ ಬೇರೆ ಸೂರ್ಯ, ಸೂಟ್‌ನವನಿಗೆ ಬೇರೆ ಸೂರ್ಯ ಅಂತ ಇಲ್ಲ. ಸೂಟ್‌ಗೆ ಕೊಡುವ ಹೆಚ್ಚಿನ ದುಡ್ಡು ಜಾಗಕ್ಕೆ, ಏಕಾಂತಕ್ಕೆ, ಮತ್ತೆ ಸ್ವಲ್ಪ ಮರ್ಯಾದೆಗೆ. ಕೆಲವು ಕಂಪನಿಗಳು ಸೂಟ್‌ನವರನ್ನು ಸಾಲು ಬಿಟ್ಟು ಮೊದಲು ಹತ್ತಿಸುತ್ತವೆ, ಬೇರೆ ಊಟದ ಮನೆಯನ್ನೂ ಕೊಡುತ್ತವೆ. ಹೊರದೇಶದ ದೊಡ್ಡ ಹಡಗುಗಳಲ್ಲಂತೂ ಸೂಟ್‌ನವರಿಗೇ ಬೇರೆ ಈಜುಕೊಳ, ಬೇರೆ ಡೆಕ್, ನಡುವೆ ಬಾಗಿಲು! ಹಡಗಿನೊಳಗೆ ಇನ್ನೊಂದು ಹಡಗು. ನೂರು ವರ್ಷದ ಹಿಂದಿನ ಫಸ್ಟ್ ಕ್ಲಾಸ್ - ಥರ್ಡ್ ಕ್ಲಾಸ್ ಹೊಸ ಬಟ್ಟೆ ಹಾಕಿಕೊಂಡು ಬಂದಿದೆ ಅಂತ ನಮಗೆ ಅನಿಸುತ್ತದೆ.

ಕ್ಲಾಸಿನ ಮಾತು ಬಂತು. ಮಿರಜದವರಿಗೆ ಇದನ್ನು ರೈಲಿನ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ನಮ್ಮ ರೈಲುಗಳಲ್ಲಿ ಥರ್ಡ್ ಕ್ಲಾಸ್ ಎಂಬುದು 1974 ರಲ್ಲಿ ಹೋಯಿತು. ಹೆಸರು ಹೋಯಿತು, ಹಲಗೆ ಉಳಿಯಿತು. ನಂತರ 1977 ರಲ್ಲಿ ರೈಲ್ವೆ ಮಂತ್ರಿಯಾದ ಪ್ರೊ. ಮಧು ದಂಡವತೆಯವರು ಸೆಕೆಂಡ್ ಕ್ಲಾಸಿನ ಮರದ ಹಲಗೆಯ ಮೇಲೆ ಎರಡಿಂಚು ಫೋಮ್ ಹಾಕಿಸಿದರು. ಆಮೇಲೆ ಎಷ್ಟೋ ಮಂತ್ರಿಗಳು ಬಂದರು, ಎಷ್ಟೋ ಬಣ್ಣದ ಡಬ್ಬಿಗಳು ಬಂದವು. ಆದರೆ ಹಲಗೆಯಿಂದ ಫೋಮ್‌ಗೆ ಬಂದಾಗ ಬೆನ್ನಿಗೆ ಆದ ಸುಖ ಇದೆಯಲ್ಲ, ಅಷ್ಟು ದೊಡ್ಡ ಸುಖ ಸ್ಲೀಪರ್‌ನಿಂದ ಏಸಿಗೆ ಹೋದಾಗಲೂ ಆಗಿಲ್ಲ. ಥರ್ಡ್ ಏಸಿಯಿಂದ ಫಸ್ಟ್ ಏಸಿಗೆ ಹೋದರೆ ಇನ್ನೂ ಕಡಿಮೆ. ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಿರಜದಲ್ಲಿ ಹತ್ತಿ ಮಲಗಿದರೆ ಬೆಳಿಗ್ಗೆ ಮುಂಬೈ. ಜನರಲ್ ಡಬ್ಬಿಯವನಿಗೂ ಅದೇ ಬೆಳಗು, ಅದೇ ಮುಂಬೈ. ಆದರೆ ಜನರಲ್ ಡಬ್ಬಿಯಲ್ಲಿ ಅವನು ನಿದ್ದೆ ಮಾಡಿಲ್ಲ. ಅಲ್ಲಿಂದ ಸ್ಲೀಪರ್‌ಗೆ ಏರುವುದು ಅವಶ್ಯಕತೆ. ಮೇಲಿನ ಮೆಟ್ಟಿಲುಗಳೆಲ್ಲ ಬೇರೆ ಬೇರೆ ಪ್ರಮಾಣದ ಹೌಸು. ಹಡಗಿನಲ್ಲಿ ವಿಶೇಷ ಏನೆಂದರೆ ಎಲ್ಲಕ್ಕಿಂತ ಕೆಳಗಿನ ಕೋಣೆಯಲ್ಲೂ ಫೋಮ್ ಇದೆ, ಏಸಿ ಇದೆ, ಸ್ವಂತ ಬಚ್ಚಲಿದೆ. ಅಲ್ಲಿ ಹಲಗೆಯೇ ಇಲ್ಲ.

ಮೊದಲು ಹಾಗಿರಲಿಲ್ಲ. ನಮ್ಮ ಹಿರಿಯರು 'ಆಗಬೋಟು' ಅನ್ನುತ್ತಿದ್ದರಲ್ಲ, ಮುಂಬೈಯಿಂದ ರತ್ನಾಗಿರಿ, ಗೋವಾ, ಇನ್ನೂ ಕೆಳಗೆ ಮಂಗಳೂರಿನ ತನಕ ಹೋಗುತ್ತಿದ್ದ ಆವಿ ಹಡಗುಗಳಲ್ಲಿ ಬಡವರಿಗೆ ಇದ್ದದ್ದು ಡೆಕ್. ಹಾಸಿಗೆ ಸುರುಳಿ ಬಿಚ್ಚಿ, ಬುತ್ತಿ ಗಂಟು ತಲೆಗಿಟ್ಟು ಮಲಗುವುದು. 1970-80 ರ ದಶಕಗಳಲ್ಲಿ ಮುಂಬೈ - ಪಣಜಿ ನಡುವೆ ಓಡುತ್ತಿದ್ದ 'ಕೊಂಕಣ ಶಕ್ತಿ', 'ಕೊಂಕಣ ಸೇವಕ' ಹೆಸರು ಹೇಳಿದರೆ ಕೊಂಕಣದ ಹಿರಿಯರ ಮುಖ ಈಗಲೂ ಅರಳುತ್ತದೆ. ಅವು ಪ್ರಯಾಣದ ಹಡಗುಗಳು, ಊರು ಮುಟ್ಟಿಸುವುದೇ ಅವುಗಳ ಕೆಲಸ. ಈಗಿನದು ಊರು ಮುಟ್ಟಿಸುವುದಕ್ಕಲ್ಲ, ಹಡಗಿನಲ್ಲಿ ಇರುವುದಕ್ಕೇ ದುಡ್ಡು. ಹಾಗಾದರೆ ಕೋಣೆಗೆ ಮಹತ್ವ ಜಾಸ್ತಿ ಆಗಬೇಕಲ್ಲವೇ ಎಂದು ಗುರುಗಳ ವಾದ. ವಾದ ಚೆನ್ನಾಗಿದೆ. ಆದರೆ ಲೆಕ್ಕ ಬೇರೆ ಹೇಳುತ್ತದೆ.

ಐದನೇ ಇಯತ್ತೆಯ ಗಣಿತ ಇದು, ಫಳಾದ ಮೇಲೆ ಬರೆದುಕೊಳ್ಳಿ. ಟಿಕೆಟ್ ದರ ದಿನದಿನಕ್ಕೂ ಬದಲಾಗುವುದರಿಂದ ನಾವೇ ಹಿಡಿದ ಅಂಕಿ ಹೇಳುತ್ತೇವೆ. ಇಬ್ಬರಿಗೆ ಒಳಕೋಣೆಗೆ 25,000, ಸೂಟ್‌ಗೆ 75,000 ಎಂದಿಟ್ಟುಕೊಳ್ಳಿ. ವ್ಯತ್ಯಾಸ 50,000. ಎರಡು ರಾತ್ರಿಯ ಪ್ರವಾಸ, ಸಂಜೆ ಹತ್ತಿ ಮೂರನೆಯ ದಿನ ಬೆಳಿಗ್ಗೆ ಇಳಿದರೆ ಒಟ್ಟು ಸುಮಾರು 40 ತಾಸು. ನಿದ್ದೆಗೆ 14 ತೆಗೆಯಿರಿ. ಊಟ, ತಿಂಡಿ, ಚಹಾ, ಕಾರ್ಯಕ್ರಮ, ಡೆಕ್ ಮೇಲೆ ಅಡ್ಡಾಡುವುದು, ಗೋವಾದಲ್ಲಿ ಇಳಿದು ಸುತ್ತುವುದು ಎಲ್ಲ ಸೇರಿ 18. ಎಚ್ಚರವಿದ್ದು ಕೋಣೆಯೊಳಗೆ ಇರುವುದು 8 ತಾಸು, ಅದರಲ್ಲಿ ಸ್ನಾನ-ಶೃಂಗಾರವೂ ಬಂತು. 50,000 ಭಾಗಿಸು 8, ತಾಸಿಗೆ 6,250 ರೂಪಾಯಿ. ಬಾಲ್ಕನಿಯಲ್ಲಿ ಕೂತು ಒಂದು ಕಪ್ ಚಹಾ ಕುಡಿಯಲು ಅರ್ಧ ತಾಸು ಹಿಡಿದರೆ ಆ ಚಹಾಕ್ಕೆ ಮೂರು ಸಾವಿರದ ಮೇಲೆ ಬಿತ್ತು. ಮಿರಜ ಸ್ಟೇಷನ್ ಎದುರು ಹತ್ತು ರೂಪಾಯಿಗೆ ಕುಡಿಯುವ ಗುರುಗಳು ನೀವು!

ಏಳು ರಾತ್ರಿ, ಹದಿನಾಲ್ಕು ರಾತ್ರಿಯ ಪ್ರವಾಸವಾದರೆ ಈ ಲೆಕ್ಕ ತಿರುಗುತ್ತದೆ ಎಂಬುದನ್ನೂ ಹೇಳಬೇಕು. ದಿನಗಟ್ಟಲೆ ಸುತ್ತ ನೀರೇ ನೀರು, ಡೆಕ್ ನೋಡಿ ಬೇಜಾರಾಗಿ ಜನ ಕೋಣೆ ಸೇರುತ್ತಾರೆ, ಆಗ ಜಾಗಕ್ಕೆ ಬೆಲೆ. ಎರಡು ರಾತ್ರಿಗೆ ಅದು ಹೊಂದುವುದಿಲ್ಲ.

ಇನ್ನೊಂದು ಸಂಗತಿ ನಮ್ಮಲ್ಲಿ ಹಲವರಿಗೆ ಹೊಸದಾಗಿ ತಿಳಿದದ್ದು. ಅಂಬೋಲಿ ಘಾಟ್ ಇಳಿಯುವ ಎಸ್‌ಟಿಯಲ್ಲಿ ಹೊಟ್ಟೆ ತೊಳಸುವವರನ್ನು ಎಲ್ಲಿ ಕೂರಿಸುತ್ತೀರಿ? ಕೊನೆಯ ಸೀಟಿನಲ್ಲಂತೂ ಅಲ್ಲ. ಎರಡು ಗಾಲಿಗಳ ನಡುವೆ, ಮಧ್ಯದಲ್ಲಿ. ಹಡಗಿಗೂ ಅದೇ ಭೌತಶಾಸ್ತ್ರ. ಹಡಗು ಮುಂದೆ-ಹಿಂದೆ ತೂಗುವಾಗ, ಅಕ್ಕಪಕ್ಕಕ್ಕೆ ಹೊರಳುವಾಗ ತೊಟ್ಟಿಲಿನ ಹಗ್ಗದ ಗಂಟಿನ ಹಾಗೆ ನಡುವಿನ ಜಾಗ ಕಡಿಮೆ ಅಲ್ಲಾಡುತ್ತದೆ. ಎತ್ತರಕ್ಕೆ ಹೋದಷ್ಟೂ, ತುದಿಗೆ ಹೋದಷ್ಟೂ ತೂಗಾಟ ಹೆಚ್ಚು. ಸೂಟ್‌ಗಳನ್ನು ಸಾಮಾನ್ಯವಾಗಿ ಎಲ್ಲಿ ಕಟ್ಟುತ್ತಾರೆ? ಮೇಲಿನ ಮಹಡಿಗಳಲ್ಲಿ! ನೋಟ ಚೆನ್ನಾಗಿರಲಿ ಅಂತ. ಹೀಗಾಗಿ ಹೊಟ್ಟೆಯ ದೃಷ್ಟಿಯಿಂದ ಕೆಳಮಹಡಿಯ ನಟ್ಟನಡುವಿನ ಅಗ್ಗದ ಕೋಣೆ ದುಬಾರಿ ಸೂಟ್‌ಗಿಂತ ಒಳ್ಳೆಯದು. ಇದನ್ನು ಕಂಪನಿಯವರು ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಗುರುಗಳ ಮನೆಯವರು, ನಾವೆಲ್ಲ ವೈನಿ ಅನ್ನುತ್ತೇವೆ, ಜತ್ತದಿಂದ ವಿಜಾಪುರಕ್ಕೆ ಹೋಗುವ ಬಸ್ಸಿನಲ್ಲೇ ಲಿಂಬೆಹಣ್ಣು ಮೂಸುತ್ತ ಕೂರುವವರು. ಅವರನ್ನು ತಲೆಯ ಮಹಡಿಗೆ ಹತ್ತಿಸುವುದು ರಾಜಮರ್ಯಾದೆಯೋ ಶಿಕ್ಷೆಯೋ?

ವೈನಿಯವರಿಗೆ ಇನ್ನೊಂದು ಅಂಜಿಕೆ ಇದೆ, ಅದನ್ನು ನಗುತ್ತ ತೇಲಿಸಿಬಿಡಲು ಬರುವುದಿಲ್ಲ. ಸಾಂಗ್ಲಿಯ ಜನಕ್ಕೆ ದೋಣಿ ಅಂದರೆ 2019 ರ ಆಗಸ್ಟ್. ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ ಐವತ್ತೇಳು ಅಡಿ ದಾಟಿದ್ದಳು. 8 ನೇ ತಾರೀಕು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಪ್ರವಾಹದಿಂದ ಜನರನ್ನು ಹೊರತರುತ್ತಿದ್ದ ದೋಣಿ ಮಗುಚಿತು, ಅದರಲ್ಲಿ ಹೆಂಗಸರು ಮಕ್ಕಳೂ ಇದ್ದರು. ಆ ಸುದ್ದಿ ಕೇಳಿದ ಮೇಲೆ ವೈನಿಯವರು ಹರಿಪುರದ ಸಂಗಮಕ್ಕೆ ಹೋದರೂ ನೀರಿಗೆ ಇಳಿಯುವುದಿಲ್ಲ. "ದುಬಾರಿ ಕೋಲಿ ತಗೊಂಡ್ರ ಜೋಪಾನ ಜಾಸ್ತಿ ಇರ್ತದೇನ್ರಿ?" ಎಂದು ಅವರು ಕೇಳಿದ್ದು ನಮಗೆ ಗುರುಗಳ ಹಟಕ್ಕಿಂತ ಮುಖ್ಯವಾದ ಪ್ರಶ್ನೆ ಅನಿಸಿತು. ಉತ್ತರ: ಇಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೀಟು, ಪ್ರತಿಯೊಬ್ಬರಿಗೂ ರಕ್ಷಣಾ ದೋಣಿಯಲ್ಲೋ ರಕ್ಷಣಾ ತೆಪ್ಪದಲ್ಲೋ ಜಾಗ ಇರಲೇಬೇಕು. 1912 ರಲ್ಲಿ ಟೈಟಾನಿಕ್ ಮುಳುಗಿದಾಗ ಎಲ್ಲರಿಗೂ ಸಾಕಾಗುವಷ್ಟು ದೋಣಿ ಇರಲಿಲ್ಲ, ಥರ್ಡ್ ಕ್ಲಾಸಿನವರು ಹೆಚ್ಚು ಸತ್ತರು. ಆ ಪಾಠದಿಂದಲೇ ಈ ನಿಯಮಗಳು ಬಂದದ್ದು. ಹತ್ತಿದ ಮೇಲೆ ಎಲ್ಲರನ್ನೂ ಸೇರಿಸಿ ಕವಾಯತು ಮಾಡಿಸುತ್ತಾರೆ. ಅದಕ್ಕೆ ತಪ್ಪಿಸದೇ ಹೋಗಬೇಕು, ನಮ್ಮ ಶಾಲೆಯ ಪ್ರಾರ್ಥನೆಗೆ ಹೋದ ಹಾಗೆ. ಅದೇ 2019 ರಲ್ಲಿ, ಜುಲೈ 27 ರಂದು, ನಮ್ಮ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ - ವಾಂಗಣಿ ನಡುವೆ ನೀರಿನಲ್ಲಿ ನಿಂತುಬಿಟ್ಟಿತ್ತು, ನೆನಪಿದೆಯಲ್ಲ? ಸಾವಿರದಷ್ಟು ಜನರನ್ನು ದೋಣಿಗಳಲ್ಲಿ ಹೊರಗೆ ತಂದರು. ಆ ದೋಣಿಗೆ ಯಾರೂ ಫಸ್ಟ್ ಏಸಿ ಟಿಕೆಟ್ ಕೇಳಲಿಲ್ಲ.

ಇಷ್ಟಾದರೂ ಸೂಟ್ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಮೊಣಕಾಲು ನೋವಿನವರು, ಗಾಲಿಕುರ್ಚಿ ಬೇಕಾದವರು, ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುವವರು, ಎದೆಹಾಲು ಕುಡಿಯುವ ಕೂಸು ಇರುವವರು, ಇಂಥವರಿಗೆ ಜಾಗವೇ ಔಷಧ. ಅವರು ಕೊಡುವ ದುಡ್ಡು ದಂಡವಲ್ಲ.

ನಮ್ಮಲ್ಲೇ ಒಬ್ಬರು, "ಆ ರೊಕ್ಕದಾಗ ಶಾಲಿಗೆ ಗ್ರಂಥಾಲಯ ಮಾಡಬಹುದಿತ್ತು" ಅಂದರು. ಈ ಮಾತು ನಮಗೆ ಸೇರುವುದಿಲ್ಲ. ಗಡಿನಾಡ ಕನ್ನಡ ಶಿಕ್ಷಕ ಅಂದರೆ ಜೀವಮಾನವಿಡೀ ತ್ಯಾಗ ಮಾಡುತ್ತಲೇ ಇರಬೇಕೇನು? ಬಾಲಭಾರತಿಯ ಕನ್ನಡ ಪುಸ್ತಕ ತಡವಾಗಿ ಬಂದ ವರ್ಷ ಹಳೆಯ ಪುಸ್ತಕ ಹೊಂದಿಸಿ ಕಲಿಸಿದ್ದು, ಹಾಜರಿ ಕಡಿಮೆಯಾದಾಗ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದದ್ದು ಎಲ್ಲ ಆ ಗುರುಗಳೇ. ಅವರು ತಮ್ಮ ದುಡ್ಡಿನಲ್ಲಿ ಸಮುದ್ರ ನೋಡುವಾಗ ನಾವು ಗ್ರಂಥಾಲಯದ ಪಾವತಿ ಪುಸ್ತಕ ಹಿಡಿದು ಎದುರು ನಿಲ್ಲುವುದು ಸಭ್ಯತೆಯಲ್ಲ. ಅವರು ಹೋಗಲಿ, ಚೆನ್ನಾಗಿ ಹೋಗಲಿ. ನಮ್ಮ ತಕರಾರು ಇರುವುದು ಚೆನ್ನಾಗಿ ಅಂದರೆ ಸೂಟ್ ಎಂಬ ಸಮೀಕರಣದ ಮೇಲೆ ಮಾತ್ರ.

ಮಿರಜದ ತಂಬೂರಿ ಓಣಿಗೆ ಹೋಗಿ ನೋಡಿ. ಸತಾರ್‌ಮೇಕರ್ ಗಲ್ಲಿಯಲ್ಲಿ ಸಾಲಾಗಿ ತಂಬೂರಿಗಳು. ಒಂದರ ಮೇಲೆ ಕುಸುರಿ ಕೆಲಸ, ಬಳ್ಳಿ, ನವಿಲು, ಅಂಚಿಗೆಲ್ಲ ಬಿಳಿ ನಕ್ಷೆ. ಪಕ್ಕದಲ್ಲಿ ಬೋಳು ತಂಬೂರಿ, ಬರೀ ಪಾಲಿಶ್. ಬೆಲೆಯಲ್ಲಿ ದೊಡ್ಡ ಅಂತರ. ಆದರೆ ನಾದ ಬರುವುದು ಪಂಢರಪುರದ ಕಡೆಯಿಂದ ಬರುವ ಸೋರೆ ಬುರುಡೆಯಿಂದ, ಕಟ್ಟಿಗೆಯಿಂದ, ಮತ್ತೆ ಕುದುರೆಯ ಮೇಲೆ ಕುಶಲಕರ್ಮಿ ಉಜ್ಜಿ ಉಜ್ಜಿ ಕೂರಿಸುವ ಜವಾರಿಯಿಂದ. ನವಿಲು ಹಾಡುವುದಿಲ್ಲ. ತಿಳಿದ ಗವಾಯಿಗಳು ಬುರುಡೆಯನ್ನು ತಟ್ಟಿ, ತಂತಿಗೆ ಕಿವಿ ಕೊಟ್ಟು ಕೇಳುತ್ತಾರೆ. ನಕ್ಷೆ ನೋಡಿ ಕೊಳ್ಳುವವರೂ ಇದ್ದಾರೆ, ಅವರ ತಂಬೂರಿ ಹೆಚ್ಚಾಗಿ ದಿವಾಣಖಾನೆಯಲ್ಲಿ ನಿಂತಿರುತ್ತದೆ.

ಹಡಗಿನ ಬುರುಡೆ ಯಾವುದು ಹಾಗಾದರೆ? ನಾವು ವೈನಿಯವರನ್ನೇ ಕೇಳಿದೆವು, ನಿಮಗೆ ಏನು ಬೇಕು ಅಂತ. (ವಾರವಿಡೀ ಗಂಡಸರೇ ವಾದ ಮಾಡುತ್ತಿದ್ದೆವು, ಅವರನ್ನು ಕೇಳಿದ್ದು ಶನಿವಾರ!) ಅವರು ಅಂದದ್ದು ಎರಡೇ. ಒಂದು, ಬೆಳಿಗ್ಗೆ ಎದ್ದ ಕೂಡಲೇ ಸಮುದ್ರ ಕಾಣಬೇಕು. ಎರಡು, "ಅಥಣಿ ತಂಗಿ ಬಂದಿದ್ರ ಛಲೋ ಇತ್ತು."

ಮೊದಲನೆಯದಕ್ಕೆ ಕಿಟಕಿಯ ಕೋಣೆ ಸಾಕು. ಒಳಕೋಣೆ ಬೇಡ, ಸೂಟ್‌ವರೆಗೆ ಹೋಗುವುದೂ ಬೇಡ. ಎಸ್‌ಟಿಯಲ್ಲಿ ಕಿಟಕಿಯೊಳಗಿಂದ ರುಮಾಲು ಎಸೆದವನಿಗೆ ಕಿಟಕಿಯ ಸೀಟು, ದರ ಎಲ್ಲರಿಗೂ ಒಂದೇ. ಹಡಗಿನಲ್ಲಿ ರುಮಾಲಿನ ಬದಲು ದುಡ್ಡು ಎಸೆಯಬೇಕು, ಆದರೆ ಒಳಕೋಣೆಗೂ ಕಿಟಕಿ ಕೋಣೆಗೂ ಇರುವ ಅಂತರ ಕಿಟಕಿಗೂ ಸೂಟ್‌ಗೂ ಇರುವ ಅಂತರಕ್ಕಿಂತ ಬಹಳ ಸಣ್ಣದು. ಗಾಳಿ ಬೇಕೆಂದರೆ ಡೆಕ್ ಇದ್ದೇ ಇದೆ, ನಸುಕಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ರಾತ್ರಿ ಕುಣಿದವರೆಲ್ಲ ಮಲಗಿರುತ್ತಾರೆ, ನಮ್ಮ ಮಾಸ್ತರರು ನಾಲ್ಕೂವರೆಗೆ ಏಳುವವರು.

ಎರಡನೆಯದರಲ್ಲಿ ನಮ್ಮ ತೀರ್ಮಾನ ಇದೆ. ಇಬ್ಬರು ಅಕ್ಕತಂಗಿಯರು, ಒಬ್ಬರನ್ನು ಜತ್ತ ಕಡೆ ಕೊಟ್ಟರು, ಒಬ್ಬರನ್ನು ಅಥಣಿಗೆ. ನಡುವೆ ರಾಜ್ಯದ ಗಡಿ. ಮದುವೆ, ಕುಬಸ, ತಿಥಿ ಬಿಟ್ಟರೆ ಇಬ್ಬರೂ ಒಂದೆಡೆ ಎರಡು ರಾತ್ರಿ ಕಳೆದದ್ದು ಯಾವಾಗ ಎಂದು ಕೇಳಿದರೆ ವೈನಿಯವರಿಗೆ ನೆನಪಾಗಲಿಲ್ಲ. ಮೇಲಿನ ಅಂಕಿಗಳನ್ನೇ ತೆಗೆದುಕೊಳ್ಳಿ. ಒಂದು ಸೂಟ್ 75,000. ಕಿಟಕಿ ಕೋಣೆ 35,000 ಎಂದಿಟ್ಟುಕೊಂಡರೆ ಎರಡಕ್ಕೆ 70,000. ಎರಡು ಜೋಡಿ ಹೋಗಿ ಬಂದು ಐದು ಸಾವಿರ ಉಳಿಯಿತು! ಸಮುದ್ರ ನೋಡುತ್ತ "ನೋಡs, ಎಷ್ಟು ನೀರು" ಅನ್ನಲು ಪಕ್ಕದಲ್ಲಿ ತಂಗಿ ಇರಬೇಕು. 2016 ರ ಏಪ್ರಿಲ್‌ನಲ್ಲಿ ನಮ್ಮ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದದ್ದನ್ನು ಕಂಡವರು, ಜತ್ತದ ಪೂರ್ವಭಾಗದಲ್ಲಿ ಟ್ಯಾಂಕರ್ ಎದುರು ಕೊಡ ಹಿಡಿದು ನಿಂತವರು ಅವರು. ಅಷ್ಟು ನೀರನ್ನು ಕಂಡು ಅವರು ಆಡುವ ಮಾತು ಗುರುಗಳಿಗೆ ಅರ್ಥವಾಗುವುದು ಅರ್ಧ, ತಂಗಿಗೆ ಪೂರ್ತಿ.

ಗುರುಗಳು ಇನ್ನೂ ಪೂರ್ತಿ ಒಪ್ಪಿಲ್ಲ. "ನಾಲ್ಕು ಮಂದಿ ಹೋದ್ರ ಅದು ರಾಜಾನ ಪ್ರವಾಸ ಹ್ಯಾಂಗಾಗ್ತದ, ಜಾತ್ರಿ ಆಗ್ತದ" ಅನ್ನುತ್ತಾರೆ. ಆಗಲಿ ಬಿಡಿ.

ಅವರಿಗೆ ಇನ್ನೊಂದು ರಾಜಭೋಗ ಇದೆ, ಅದು ಪುಕ್ಕಟೆ. ನೌಕರಿಯಲ್ಲಿರುವ ನಾವು ಹೋಗಬೇಕೆಂದರೆ ದೀಪಾವಳಿ ರಜೆ ಇಲ್ಲವೇ ಬೇಸಿಗೆ ರಜೆ. ಆಗ ಎಲ್ಲ ಶಾಲೆಗಳಿಗೂ ರಜೆ, ದರ ಮುಗಿಲಿಗೆ. ನಿವೃತ್ತರು ವಾರದ ನಡುವೆ, ರಜೆಯಿಲ್ಲದ ದಿನಗಳಲ್ಲಿ ಹೋಗಬಹುದು. ಅದೇ ಕೋಣೆ, ಅದೇ ಊಟ, ಕಡಿಮೆ ದುಡ್ಡು, ಕಡಿಮೆ ಗದ್ದಲ. ರಜಾಕಾಲದ ಕಿಟಕಿ ಕೋಣೆಯ ದುಡ್ಡಿನಲ್ಲಿ ಬೇರೆ ದಿನ ಅದಕ್ಕಿಂತ ಮೇಲಿನದು ಸಿಕ್ಕರೂ ಸಿಗಬಹುದು. ಹಾಗೆ ಸಿಕ್ಕರೆ ಸೂಟ್ ಹತ್ತಲಿ, ನಾವೇ ಕೈ ತಟ್ಟುತ್ತೇವೆ.

1 ನವೆಂಬರ್ 2005 ರ ನಂತರ ನೌಕರಿಗೆ ಸೇರಿದ ನಮ್ಮಂಥವರಿಗೆ ಈ ಲೆಕ್ಕವೇ ಬೇರೆ. ಗುರುಗಳದು ಹಳೆಯ ಪಿಂಚಣಿ, ಕೊನೆಯ ತನಕ ತಿಂಗಳಿಗೆ ಬರುತ್ತದೆ. ನಮ್ಮದು ಹಾಗಲ್ಲ, ಅದಕ್ಕೇ 2023 ರ ಮಾರ್ಚ್‌ನಲ್ಲಿ ಸಂಪು ಹೂಡಿದ್ದೆವು. ನಾವು ಈ ಹಡಗಿನ ಮಾತನ್ನು ಇನ್ನೂ ಕೆಲವು ವರ್ಷ ಮುಂದೂಡಿದ್ದೇವೆ.

ಹೋಗುವವರಿಗೆ ಒಂದೆರಡು ಮಾತು. ದರ ಕೇಳಿದಾಗ ತಲೆಗೆ ಎಷ್ಟು, ಕೋಣೆಗೆ ಎಷ್ಟು ಎಂದು ಬಿಡಿಸಿ ಕೇಳಿ. ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ಇಬ್ಬರು ಇರುವಾಗ ತಲೆಗೆ ಬೀಳುವ ದರ. ತೆರಿಗೆ, ಬಂದರದ ಶುಲ್ಕ, ಸೇವಾ ಭಕ್ಷೀಸು ಇವು ಒಳಗಿವೆಯೋ ಹೊರಗಿವೆಯೋ ಕೇಳಿ. ಮುಂಗಡ ಕಟ್ಟುವ ಮೊದಲು ಮಹಡಿಗಳ ನಕ್ಷೆ ತರಿಸಿ, ನಿಮ್ಮ ಕೋಣೆಯ ನಂಬರಿನ ಮೇಲೆ ಬೆರಳಿಡಿ. ಮೇಲೆ ಅಡಿಗೆಮನೆಯೋ ಕುಣಿಯುವ ಹಾಲೋ ಇದ್ದರೆ ನಿದ್ದೆ ಇಲ್ಲ. ಕಿಟಕಿ ಕೋಣೆ ಎಂದು ಕೊಟ್ಟರೂ ಕೆಲವು ಕಿಟಕಿಗಳ ಎದುರು ರಕ್ಷಣಾ ದೋಣಿ ತೂಗುಹಾಕಿರುತ್ತಾರೆ. ಬೆಳಿಗ್ಗೆ ಪರದೆ ಸರಿಸಿದರೆ ಸಮುದ್ರದ ಬದಲು ದೋಣಿಯ ಹೊಟ್ಟೆ ಕಾಣುತ್ತದೆ. ಅದನ್ನು ಮಾತ್ರ ತಪ್ಪದೇ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ವೈನಿಯವರು ಕೇಳಿದ್ದು ಸಮುದ್ರವನ್ನು.